ಕಡ್ಲೆಪುರಿ ಮುಟ್ಟದ ಮೀನು

ನಾನು ಚಿಕ್ಕವನಿದ್ದಾಗ ಕಾರುಗಳನ್ನು ಮನುಷ್ಯರೇ ಓಡಿಸುತ್ತಿದ್ದರು, ಮಕ್ಕಳೇ. ನಗಬೇಡಿ. ಸ್ಟೀರಿಂಗು ಹಿಡಿದು, ಮುಂದಿನವನನ್ನು ಬೈಯುತ್ತಾ, ಹಿಂದಿನವನಿಂದ ಬೈಸಿಕೊಳ್ಳುತ್ತಾ ಫ್ರೀವೇಯಲ್ಲಿ ಹೋಗುತ್ತಿದ್ದರು. ನಿಮ್ಮ ಕಾರು ತಾನೇ ಹೋಗುತ್ತದೆ, ನೀವು ಒಳಗೆ ಕಾಲು ಚಾಚಿ ನಿದ್ದೆ ಹೊಡೆಯುತ್ತೀರಿ. ನಮ್ಮ ಕಾರಿನಲ್ಲಿ ಅಪ್ಪ ಎಚ್ಚರವಾಗಿರಲೇಬೇಕಿತ್ತು, ಅವರನ್ನು ಎಚ್ಚರವಾಗಿಡುವ ಕೆಲಸವನ್ನು ಅಜ್ಜಿ ವಹಿಸಿಕೊಂಡಿದ್ದರು. "ನಿಧಾನ ಕಣೋ, ಲಾರಿ ಬರ್ತಿದೆ" ಎಂದು ಮಿಲ್ಪಿಟಾಸಿನ ನಮ್ಮ ಟೌನ್‌ಹೌಸಿನ ಗ್ಯಾರೇಜಿನಲ್ಲೇ ಶುರುಮಾಡಿದರೆ, ಕಾರು ಇಳಿಯುವ ತನಕ ನಿಲ್ಲಿಸುತ್ತಿರಲಿಲ್ಲ. ಲಾರಿ ಆಚೆ ರಸ್ತೆಯಲ್ಲಿದ್ದರೂ ಸರಿಯೇ.

ಹೋದ ವಾರ ನದಿಯ ದಡದಲ್ಲಿ ಒಂದು ಬೋರ್ಡು ನೋಡಿ ನೀವು ಕೇಳಿದಿರಲ್ಲ, ಕಡ್ಲೆಪುರಿಯ ಚಿತ್ರ ಬರೆದು ಅದರ ಮೇಲೆ ಕೆಂಪು ಗೀಟು ಯಾಕೆ ಎಳೆದಿದ್ದಾರೆ ಎಂದು? ಬೇರೆ ಯಾವ ನದಿಯ ದಡದಲ್ಲೂ ಅಂಥ ಬೋರ್ಡು ಇದ್ದಂತೆ ನನಗೆ ಗೊತ್ತಿಲ್ಲ. ಅದು ನಮ್ಮ ಮನೆತನ ಅಮೆರಿಕಾಕ್ಕೆ ಕೊಟ್ಟ ಕಾಣಿಕೆ. ಅದರ ಕತೆ ಹೇಳುತ್ತೇನೆ.

ನನ್ನ ಅಪ್ಪ ಸಾಫ್ಟ್‌ವೇರ್ ಕೆಲಸದಲ್ಲಿದ್ದರು. ಆಗ ಮಿಲ್ಪಿಟಾಸಿನಲ್ಲಿ ನನ್ನ ಸ್ನೇಹಿತರ ಅಪ್ಪಂದಿರೆಲ್ಲ ಅದೇ ಕೆಲಸದಲ್ಲಿದ್ದರು. ಅವರೆಲ್ಲ ಶನಿವಾರ ಕ್ರಿಕೆಟ್ ಆಡಲು ಹೋದರೆ, ನನ್ನ ಅಪ್ಪ ಮೀನು ಎಣಿಸಲು ಹೋಗುತ್ತಿದ್ದರು. ನಮ್ಮೂರಿರುವ ಬೇ ಏರಿಯಾದ ಉತ್ತರದ ತುದಿಯಲ್ಲಿ, ಬೆಟ್ಟಗಳ ನಡುವೆ ಇಳಿದು ಸಮುದ್ರ ಸೇರುವ ಆ ನದಿಯ ದಡದಲ್ಲಿ ಒಂದು ಬುಡಕಟ್ಟಿನ ಜನ ಎಷ್ಟೋ ತಲೆಮಾರುಗಳಿಂದ ಸಾಲ್ಮನ್ ಮೀನು ಹಿಡಿದು ಬದುಕಿದವರು. ಸಾಲ್ಮನ್ ನದಿಯಲ್ಲಿ ಹುಟ್ಟಿ, ಸಮುದ್ರಕ್ಕೆ ಹೋಗಿ ಬೆಳೆದು, ಮೊಟ್ಟೆಯಿಡಲು ತಾನು ಹುಟ್ಟಿದ ನದಿಗೇ ಮರಳಿ ಬರುವ ಮೀನು. ಅಣೆಕಟ್ಟು, ಬರಗಾಲ, ಬಿಸಿಯೇರಿದ ನೀರು ಎಲ್ಲ ಸೇರಿ ಅವು ಇನ್ನೇನು ಇಲ್ಲವಾಗುತ್ತವೆ ಎನ್ನುವ ಸ್ಥಿತಿಗೆ ಬಂದಿದ್ದವು. ಆದ್ದರಿಂದ, ಸಾಕಷ್ಟು ಮೀನು ಮೊಟ್ಟೆಯಿಡಲು ಮೇಲಕ್ಕೆ ಹೋಗುವ ತನಕ ಯಾರ ಬಲೆಯೂ ನೀರಿಗೆ ಇಳಿಯಬಾರದು ಎಂದು ಆ ಜನ ತಾವೇ ಕಟ್ಟುಪಾಡು ಮಾಡಿಕೊಂಡಿದ್ದರು.

ನದಿಗೆ ಅಡ್ಡಲಾಗಿ ಒಂದು ಮರದ ಬೇಲಿ, ಅದರಲ್ಲಿ ಮೀನು ನುಗ್ಗುವಷ್ಟು ಒಂದು ಬಾಗಿಲು. ಬಾಗಿಲ ಮೇಲೆ ಕಂಬಕ್ಕೆ ಬಿಗಿದ ಅಪ್ಪನ ಕ್ಯಾಮೆರಾ. ಕೆಳಗಿನಿಂದ ಮೇಲಕ್ಕೆ ಬಾಗಿಲ ಮುಂದೆ ಏನಾದರೂ ಸರಿದರೆ ಕಂಪ್ಯೂಟರು ಅದನ್ನು ಮೀನೆಂದು ಲೆಕ್ಕ ಹಾಕುತ್ತಿತ್ತು, ಪರದೆಯ ಮೇಲೆ ಒಂದು ಹಸಿರು ಗೆರೆ ಏರುತ್ತಿತ್ತು. ಮೇಲೆ ಒಂದು ಕೆಂಪು ಗೆರೆ ಇತ್ತು. ಹಸಿರು ಕೆಂಪನ್ನು ಮುಟ್ಟಿದರೆ ಬಲೆ ಇಳಿಸಬಹುದು, ಇಲ್ಲದಿದ್ದರೆ ಇಲ್ಲ.

ಇದನ್ನೆಲ್ಲ ನೋಡಿಕೊಳ್ಳುತ್ತಿದ್ದ ಬುಡಕಟ್ಟಿನ ಹೆಂಗಸನ್ನು ನಾನು ಮ್ಯಾನೇಜರ್ ಆಂಟಿ ಎನ್ನುತ್ತಿದ್ದೆ. ಅವರ ತಾಯಿಗೆ ನಾನಿಟ್ಟ ಹೆಸರು ನದಿಯಜ್ಜಿ. ನಾನು ಹೇಳುತ್ತಿರುವ ದಿನದ ಮರುದಿನವೇ ಅವರ ಹಬ್ಬ. ಹಿಂದಿನ ಕೆಲವು ವರ್ಷ ಹಬ್ಬದೂಟಕ್ಕೆ ಗ್ರೋಸರಿ ಅಂಗಡಿಯಿಂದ ಪ್ಲಾಸ್ಟಿಕ್ ಸುತ್ತಿದ ಮೀನು ತಂದಿದ್ದರಂತೆ. ನದಿಯ ಪಕ್ಕದಲ್ಲೇ ಮನೆಯಿದ್ದು ಅಂಗಡಿಯ ಮೀನು! ನದಿಯಜ್ಜಿಗೆ ಅದು ಗಂಟಲಲ್ಲಿ ಇಳಿದಿರಲಿಲ್ಲ. ಅವರಿಗೊಬ್ಬ ಪುಟ್ಟ ಮೊಮ್ಮಗಳು. ತನ್ನ ನದಿಯ ಮೀನಿನ ರುಚಿಯನ್ನೇ ಕಾಣದ ಆ ಹುಡುಗಿಗೆ ಈ ಸಲ ತಮ್ಮ ಕೈಯಾರೆ ಒಂದು ತುಂಡು ಕೊಡಬೇಕೆಂದು ನದಿಯಜ್ಜಿ ಆಸೆಪಟ್ಟು ಕೂತಿದ್ದರು. ಹಸಿರು ಗೆರೆ ಕೆಂಪಿನ ಕೆಳಗೆ ಬಂದು ನಿಂತಿತ್ತು.

ಅಂಥ ದಿನ ನಾವು ಅಜ್ಜಿಯನ್ನು ಕರೆದುಕೊಂಡು ಹೋದೆವು.

ಅಜ್ಜಿ ಎಂದರೆ ಅಪ್ಪನ ಅಮ್ಮ. ಹಾಸನ ಜಿಲ್ಲೆಯ ರಾಮನಾಥಪುರದಿಂದ ಆ ವರ್ಷವಷ್ಟೇ ಬಂದಿದ್ದರು. ಅಲ್ಲಿ ಕಾವೇರಿಯಲ್ಲಿ ದೇವರ ಮೀನುಗಳಿವೆ. ಯಾರೂ ಹಿಡಿಯುವಂತಿಲ್ಲ. ಹೋದವರೆಲ್ಲ ಪುರಿ ಎಸೆಯುತ್ತಾರೆ, ಮೀನುಗಳು ಬಾಯಿ ತೆರೆದುಕೊಂಡು ಒಂದರ ಮೇಲೊಂದು ಬೀಳುತ್ತವೆ. ಮೀನು ನೋಡಲು ಬರಿಗೈಯಲ್ಲಿ ಹೋಗುವುದು ಅಜ್ಜಿಯ ಪ್ರಕಾರ ಮಗು ನೋಡಲು ಬರಿಗೈಯಲ್ಲಿ ಹೋದಂತೆ. ಹಾಗಾಗಿ ಮಿಲ್ಪಿಟಾಸಿನ ಇಂಡಿಯನ್ ಅಂಗಡಿಯಿಂದ ದೊಡ್ಡ ಚೀಲ ಕಡ್ಲೆಪುರಿ ತಂದು, ಸೀಟಿನ ಕೆಳಗೆ ಇಟ್ಟುಕೊಂಡಿದ್ದರು. ಅಪ್ಪನಿಗೆ ಹೇಳಿರಲಿಲ್ಲ. ದೇವರ ಕೆಲಸಕ್ಕೆ ಮಗನ ಅಪ್ಪಣೆ ಕೇಳುವುದುಂಟೇ?

ನದಿಯ ಹತ್ತಿರ ಮಂಜು ಕವಿದಿತ್ತು. ಒದ್ದೆ ಮಣ್ಣಿನ, ರೆಡ್‌ವುಡ್ ತೊಗಟೆಯ, ಎಲ್ಲೋ ಉರಿಯುತ್ತಿದ್ದ ಸೌದೆಯ ವಾಸನೆ. ಅಜ್ಜಿ ಸೀರೆಯ ಮೇಲೆ ಅಕ್ಕನ ನೇರಳೆ ಬಣ್ಣದ ಹೂಡಿ ತೊಟ್ಟು, ಕಾಲಿಗೆ ಅಪ್ಪನ ಹಳೆಯ ಬೂಟು ಹಾಕಿಕೊಂಡು ಇಳಿದರು. ಅಪ್ಪ, ಅಕ್ಕ ಕಂಪ್ಯೂಟರ್ ಇದ್ದ ಟೆಂಟಿಗೆ ಹೋದರು. ನನ್ನನ್ನು ಅಜ್ಜಿಯ ಜೊತೆಗೆ ಬಿಟ್ಟರು, ದುಭಾಷಿಯೆಂದು. ಆಗ ನನಗೆ ಕನ್ನಡ ಅರ್ಥವಾಗುತ್ತಿತ್ತು, ಮಾತಾಡಲು ಬರುತ್ತಿರಲಿಲ್ಲ. ಅಜ್ಜಿಯ ಮಾತನ್ನು ಬೇರೆಯವರಿಗೆ ಇಂಗ್ಲಿಷಿನಲ್ಲಿ ಹೇಳಬಲ್ಲೆ, ಬೇರೆಯವರ ಮಾತನ್ನು ಅಜ್ಜಿಗೆ ಹೇಳಲಾರೆ. ಅರ್ಧ ದುಭಾಷಿ ಅನ್ನಿ. ಈಗ ಕನ್ನಡ ಮಾತಾಡಿ ಮಾತಾಡಿ ನಿಮ್ಮ ತಲೆ ತಿನ್ನುತ್ತಿರುವುದು ಆ ಬಾಕಿ ತೀರಿಸಲೆಂದೇ.

ಬೇಲಿಯ ಬಾಗಿಲ ಪಕ್ಕದಲ್ಲಿ, ನೀರು ಸುತ್ತು ಹೊಡೆದು ಹಿಂದಕ್ಕೆ ತಿರುಗುವ ಒಂದು ಮಡುವಿತ್ತು. ಅದರೊಳಗೆ ಮೂರ್ನಾಲ್ಕು ಮೀನು ಸುಮ್ಮನೆ ನಿಂತಿದ್ದವು, ನನ್ನ ತೋಳಿಗಿಂತ ಉದ್ದ, ಬೆನ್ನು ಕೆಂಪಗೆ. ಅಜ್ಜಿ ಕಣ್ಣಿಗೊತ್ತಿಕೊಂಡು ಒಂದು ಹಿಡಿ ಪುರಿ ಎಸೆದರು. ಮೀನು ಅಲುಗಲಿಲ್ಲ. ಇನ್ನೊಂದು ಹಿಡಿ. ಊಹೂಂ. "ಬಾರೇ ನನ್ನವ್ವಾ, ಬಾ, ತಿನ್ನೇ" ಎಂದು ಪುಸಲಾಯಿಸಿದರು. ನನಗೆ ಮೊಸರನ್ನ ತಿನ್ನಿಸುವಾಗ ಬಳಸುತ್ತಿದ್ದ ದನಿ ಅದು, ನನ್ನ ಮೇಲೂ ಅಷ್ಟಾಗಿ ಕೆಲಸ ಮಾಡುತ್ತಿರಲಿಲ್ಲ. ಕೊನೆಗೆ ಅಜ್ಜಿಗೆ ಹಟ ಬಂತು. ಚೀಲವನ್ನೇ ತಲೆಕೆಳಗು ಮಾಡಿ ಕೊಡವಿಬಿಟ್ಟರು. ಪುರಿ ನೀರು ಕುಡಿದು ಒಂದಕ್ಕೊಂದು ಅಂಟಿಕೊಂಡು, ಬಿಳೀ ಸಾಲುಗಳಾಗಿ ಮಡುವಿನಲ್ಲಿ ಗಿರಕಿ ಹೊಡೆಯತೊಡಗಿತು. ಬಾಗಿಲ ಮುಂದೆ ಕೆಳಗಿನಿಂದ ಮೇಲಕ್ಕೆ ಸರಿದು, ಸುತ್ತಿ ಬಂದು, ಮತ್ತೆ ಮೇಲಕ್ಕೆ ಸರಿಯಿತು.

ಅಷ್ಟರಲ್ಲಿ ಟೆಂಟಿನಿಂದ ಅಕ್ಕ ಕಿರುಚಿದಳು. "ಅಪ್ಪಾ! ಲೈನು ಮೇಲೆ ಹೋಗ್ತಾ ಇದೆ! ಓ ಮೈ ಗಾಡ್, ಹೋಗ್ತಾನೇ ಇದೆ!"

ಎಲ್ಲರೂ ಟೆಂಟಿಗೆ ಓಡಿದರು. ನಾನೂ ಅಜ್ಜಿಯನ್ನು ಎಳೆದುಕೊಂಡು ಓಡಿದೆ. ನಾವು ಹೋಗುವ ಹೊತ್ತಿಗೆ ಹಸಿರು ಗೆರೆ ಕೆಂಪನ್ನು ದಾಟಿ ಪರದೆಯ ಅಂಚಿಗೆ ಹೋಗಿತ್ತು. ಅಪ್ಪ ಕುಣಿಯುತ್ತಿದ್ದರು. ಅಪ್ಪ ಕುಣಿದದ್ದನ್ನು ನಾನು ನೋಡಿದ್ದು ಅದೊಂದೇ ಸಲ, ಇನ್ನೊಮ್ಮೆ ನೋಡಬೇಕು ಅನ್ನಿಸುವಂತೇನೂ ಇರಲಿಲ್ಲ. ಬುಡಕಟ್ಟಿನ ಹುಡುಗರು ದಡದಲ್ಲಿದ್ದ ದೋಣಿಗೆ ಬಲೆ ತುಂಬಿದರು. ಮ್ಯಾನೇಜರ್ ಆಂಟಿ "ನಿಲ್ಲಿ, ಮೊದಲು ಫೋಟೋ ನೋಡಿ ಖಾತ್ರಿ ಮಾಡ್ಕೊಳ್ಳೋಣ" ಎನ್ನುತ್ತಲೇ ಇದ್ದರು, ಆದರೆ ಅವರ ಮುಖವೂ ಅರಳಿತ್ತು. ನದಿಯಜ್ಜಿ ಮೊಮ್ಮಗಳನ್ನು ಎತ್ತಿಕೊಂಡು ಅವಳ ಕಿವಿಯಲ್ಲಿ ಏನೋ ಹೇಳುತ್ತಿದ್ದರು. ಅವರ ಕೆನ್ನೆ ಒದ್ದೆಯಾಗಿತ್ತು.

ಅಜ್ಜಿಗೆ ಈ ಸಂಭ್ರಮವೆಲ್ಲ ಬೇಕಿರಲಿಲ್ಲ. ಖಾಲಿ ಚೀಲ ಹಿಡಿದು ನೇರ ಮ್ಯಾನೇಜರ್ ಆಂಟಿಯ ಮುಂದೆ ನಿಂತರು. "ಹೇಳೋ ಇವರಿಗೆ," ಎಂದರು ನನಗೆ. "ನಿಮ್ಮ ಮೀನಿಗೆ ಭಾಳ ಜಂಬ ಕಣ್ರೀ. ಒಂದ್ ಚೀಲ ಪುರಿ ಸುರಿದಿದೀನಿ. ಒಂದಾದ್ರೂ ಬಾಯ್ ತೆಗೀಬೇಡ್ವಾ? ಎಲ್ಲಾ ಆ ಬಾಗಿಲ ಹತ್ರ ಸುಮ್ನೆ ಸುತ್ತುತಾ ಬಿದ್ದೈತೆ."

ನಾನು ಒಂದು ಅಕ್ಷರ ಬಿಡದೆ ಇಂಗ್ಲಿಷಿನಲ್ಲಿ ಹೇಳಿದೆ. ಅಪ್ಪನ ಒಂದು ಕಾಲು ಇನ್ನೂ ಮೇಲಿತ್ತು. ಅದನ್ನು ನಿಧಾನವಾಗಿ ಕೆಳಗಿಟ್ಟು, ಕಂಪ್ಯೂಟರಿನ ಮುಂದೆ ಕೂತು ಫೋಟೋಗಳನ್ನು ಒಂದೊಂದಾಗಿ ತೆರೆದರು. ಪುರಿ. ಪುರಿ. ಪುರಿ. ನಡುವೆ ಒಂದು ಹುರಿಗಡಲೆ.

"ಅಮ್ಮಾ," ಎಂದರು ಅಪ್ಪ, "ಈ ಮೀನು ಸಮುದ್ರದಿಂದ ತಾನು ಹುಟ್ಟಿದ ನದಿಗೆ ಬಂದ್ಮೇಲೆ ಏನೂ ತಿನ್ನಲ್ಲ ಅಮ್ಮಾ. ಮೊಟ್ಟೆ ಇಡೋ ತನಕ ಒಂದು ತುತ್ತೂ ಮುಟ್ಟಲ್ಲ. ಬೈಯಾಲಜಿ ಅದು."

"ಉಪವಾಸಾನಾ?" ಅಜ್ಜಿಯ ಸಿಟ್ಟು ಇಳಿದುಹೋಯಿತು. "ಹೊಟ್ಟೇಲಿ ಮೊಟ್ಟೆ ಇಟ್ಕೊಂಡು ಉಪವಾಸವಾ? ಹುಟ್ಟಿದ ಜಾಗಕ್ಕೆ ಬರ್ತವಾ?" ಬಾಯಿಗೆ ಸೆರಗು ಹಿಡಿದುಕೊಂಡರು. "ಅಯ್ಯೋ, ಬಾಣಂತನಕ್ಕೆ ತವರಿಗೆ ಬಂದ ಹೆಣ್ಮಕ್ಕಳಲ್ವೇನೋ ಅವು! ನಾನು ಜಂಬ ಅಂದ್ಬಿಟ್ನಲ್ಲೋ!"

ಇದನ್ನೂ ನಾನು ಹೇಳಿದೆ. ತವರು ಎನ್ನುವುದಕ್ಕೆ ನನಗೆ ಇಂಗ್ಲಿಷ್ ಪದ ಸಿಗಲಿಲ್ಲ, "ಅಮ್ಮನ ಮನೆ" ಎಂದೆ. ನದಿಯಜ್ಜಿ ಮೊದಲ ಬಾರಿಗೆ ನಮ್ಮ ಅಜ್ಜಿಯನ್ನು ದಿಟ್ಟಿಸಿ ನೋಡಿದರು.

ಅಪ್ಪ ಪುರಿಯನ್ನೆಲ್ಲ ಅಳಿಸಿಹಾಕಿದರು. ಹಸಿರು ಗೆರೆ ಇಳಿದು ಇಳಿದು, ಕೆಂಪಿನ ಕೆಳಗೆ ಒಂದು ಕೂದಲೆಳೆಯಷ್ಟು ಅಂತರದಲ್ಲಿ ನಿಂತಿತು. ದೋಣಿಯಲ್ಲಿದ್ದ ಹುಡುಗನೊಬ್ಬ, "ಇಷ್ಟೇ ತಾನೇ, ಮುಟ್ಟಿದ ಹಾಗೇ" ಎಂದ. ಎಲ್ಲರೂ ಮ್ಯಾನೇಜರ್ ಆಂಟಿಯ ಕಡೆ ನೋಡಿದರು. ಅವರು ತಮ್ಮ ತಾಯಿಯ ಕಡೆ ನೋಡಿದರು. ಇಲ್ಲ ಎನ್ನಬೇಕಾದವರು ಮ್ಯಾನೇಜರ್ ಆಂಟಿಯೇ. ನನಗೆ ಅಳು ಬರುವಂತಾಯಿತು. ಆ ಪುಟ್ಟ ಹುಡುಗಿಗೆ ಮೀನು ಸಿಗಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ನದಿಯಜ್ಜಿ ಮೊಮ್ಮಗಳನ್ನು ಕೆಳಗಿಳಿಸಿದರು. ದೋಣಿಗೆ ಹೋಗಿ ಬಲೆಯ ಒಂದು ತುದಿ ಹಿಡಿದು ಎಳೆದರು. "ಅಮ್ಮನ ಮನೆಗೆ ಬಂದಿದ್ದಾರೆ" ಎಂದರು, ಅಷ್ಟೇ. ಬಲೆ ಭಾರವಿತ್ತು. ಹುಡುಗರು ಎದ್ದು ಬರುವ ಮೊದಲೇ ನಮ್ಮ ಅಜ್ಜಿ ಅಪ್ಪನ ಬೂಟಿನಲ್ಲಿ ದಡಬಡ ಓಡಿ ಇನ್ನೊಂದು ತುದಿ ಹಿಡಿದರು. ಇಬ್ಬರೂ ಎದುರುಬದುರು ನಿಂತು, ಒಗೆದು ಒಣಗಿಸಿದ ಸೀರೆ ಮಡಿಸುವ ಹಾಗೆ ಆ ಬಲೆಯನ್ನು ಮಡಿಸಿದರು. ಅವರಿಬ್ಬರಿಗೂ ನನ್ನ ದುಭಾಷಿತನ ಬೇಕಾಗಲಿಲ್ಲ.

ಆಮೇಲೆ ಅಜ್ಜಿ ರವಿಕೆಯ ಸಂದಿಯಿಂದ ಅರಿಶಿನ ಕುಂಕುಮದ ಪೊಟ್ಟಣ ತೆಗೆದು ನದಿಯ ಕಡೆ ಹೊರಟರು, ಬಸುರಿಯರಿಗೆ ಕೊಡಬೇಕಲ್ಲ ಎಂದು. ಮ್ಯಾನೇಜರ್ ಆಂಟಿ ಎರಡೂ ಕೈ ಚಾಚಿ ಅಡ್ಡ ನಿಂತುಬಿಟ್ಟರು. "ದಯವಿಟ್ಟು, ಇನ್ನು ಏನೂ ಹಾಕಬೇಡಿ!" ಇದನ್ನು ಮಾತ್ರ ಅಪ್ಪ ಕೂಡಲೇ ಅಜ್ಜಿಗೆ ಕನ್ನಡದಲ್ಲಿ ಹೇಳಿದರು. ಅಜ್ಜಿ ಕುಂಕುಮವನ್ನು ನದಿಯಜ್ಜಿಯ ಹಣೆಗಿಟ್ಟರು.

ಮರುದಿನದ ಹಬ್ಬಕ್ಕೆ ನಾವೂ ಉಳಿದೆವು. ಆ ವರ್ಷವೂ ಹಬ್ಬಕ್ಕೆ ಅಂಗಡಿಯ ಮೀನೇ ಬಂತು. ಜೊತೆಗೆ, ಅಜ್ಜಿ ಡಿಕ್ಕಿಯಲ್ಲಿ ಬಚ್ಚಿಟ್ಟಿದ್ದ ಇನ್ನೊಂದು ಚೀಲದ ಪುರಿ, ಅವರ ಒಲೆಯ ಮೇಲೆ ಬೆಳ್ಳುಳ್ಳಿ, ಕರಿಬೇವಿನ ಒಗ್ಗರಣೆ ಬಿದ್ದು ಘಮ್ಮೆಂದಿತು. ನದಿಯಜ್ಜಿ ಒಂದು ಹಿಡಿ ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದು, "ಮೀನುಗಳಿಗೆ ರುಚಿ ಗೊತ್ತಿಲ್ಲ" ಎಂದರು. ಮರುವಾರವೇ ದಡದಲ್ಲಿ ಆ ಬೋರ್ಡು ಬಂತು.

ನೋಡಿ ಮಕ್ಕಳೇ, ನಿಮ್ಮ ಕಾಲಕ್ಕೆ ಅಣೆಕಟ್ಟು ಹೋಗಿದೆ, ಬೇಲಿ ಹೋಗಿದೆ, ಎಣಿಸುವವರೂ ಇಲ್ಲ, ಬೋರ್ಡೊಂದು ಉಳಿದಿದೆ. ಹೋದ ವಾರ ನಿಮ್ಮ ತಟ್ಟೆಗೆ ಬಿಸಿಬಿಸಿ ಮೀನು ಹಾಕಿ, "ಇನ್ನೊಂದು ತುಂಡು ತಿನ್ನಿ" ಎಂದು ಬಲವಂತ ಮಾಡಿದ ಆ ಬಿಳಿಗೂದಲಿನ ಹೆಂಗಸು ಯಾರೆಂದುಕೊಂಡಿರಿ? ಆ ಹಬ್ಬದಲ್ಲಿ ನದಿಯ ಮೀನು ಸಿಗದೆ ಪುರಿ ತಿಂದ ಆ ಪುಟ್ಟ ಹುಡುಗಿ. ನೀವು ದಡದಲ್ಲಿ ಕೂತು, ಕೆಂಪು ಬೆನ್ನುಗಳು ಸಾಲುಸಾಲಾಗಿ ಮೇಲೇರುವುದನ್ನು ಒಂದು ಗಳಿಗೆ ನೋಡಿ, ಆಕಳಿಸಿ, "ಅಜ್ಜಾ, ಬರೀ ಮೀನೇ. ಬೋರು, ಹೋಗೋಣ" ಎಂದಿರಿ. ನಾನು ಬೈಯಲಿಲ್ಲ, ಯಾಕೆ ಗೊತ್ತೇ? ಅಷ್ಟು ಮೀನು ನೋಡಿ ಮಕ್ಕಳಿಗೆ ಬೇಜಾರಾಗುವ ಒಂದು ದಿನ ಬರಲೆಂದೇ ಆ ಇಬ್ಬರು ಅಜ್ಜಿಯರು ಅವತ್ತು ಬಲೆ ಮಡಿಸಿದ್ದು.