ನೀಲವ್ವತ್ತಿ ಹತ್ತದ ಚಕ್ರ

ನಮ್ಮ ಕಾಲೇಜಿನ ಮುಂಬಾಗಿಲಿಗೆ ಹನ್ನೊಂದು ಮೆಟ್ಟಿಲುಗಳಿವೆ. ಏಳನೆಯದು ಉಳಿದವಕ್ಕಿಂತ ಅರ್ಧ ಇಂಚು ಎತ್ತರ. ಇದು ಕಣ್ಣಿಗೆ ಕಾಣುವುದಿಲ್ಲ. ಇಪ್ಪತ್ತು ವರ್ಷದಿಂದ ಅಲ್ಲಿ ಹತ್ತಿಳಿಯುತ್ತಿರುವ ನಮ್ಮ ಗುಮಾಸ್ತರಿಗೂ ಗೊತ್ತಿಲ್ಲ. ನನ್ನ ಎಡಗಾಲಿಗೆ ಮಾತ್ರ ಮೊದಲ ದಿನವೇ ಗೊತ್ತಾಯಿತು. ಆ ಕಾಲು ಬಲಗಾಲಿಗಿಂತ ಮೂರು ಸೆಂಟಿಮೀಟರ್ ಗಿಡ್ಡ. ಹುಟ್ಟಿದಾಗಿನಿಂದ ಸೊಂಟದ ಕೀಲು ಸರಿಯಾಗಿ ಕೂತಿಲ್ಲ. ಇದಕ್ಕಿಂತ ಹೆಚ್ಚು ನಾನು ಅದರ ಬಗ್ಗೆ ಯಾರ ಹತ್ತಿರವೂ ಮಾತಾಡಿದವಳಲ್ಲ.

ಮೊನ್ನೆ ಬುಧವಾರ ಆ ಮೆಟ್ಟಿಲುಗಳ ಪಕ್ಕದಲ್ಲಿ ಒಂದು ಇಳಿಜಾರು ಕಟ್ಟುತ್ತಿದ್ದರು. ಬೈಲಹೊಂಗಲದ ಹತ್ತು ಗಂಟೆಯ ಬಿಸಿಲಿಗೆ ಹಸಿ ಸಿಮೆಂಟಿನ ವಾಸನೆ ಅಂಗಳದ ತುಂಬ ಹರಡಿತ್ತು. ಗುತ್ತಿಗೆದಾರರು ಕೈಯಲ್ಲಿ ಟೇಪು ಹಿಡಿದು ನಮ್ಮ ಪ್ರಿನ್ಸಿಪಾಲರನ್ನು ಕೇಳಿದರು: “ಮ್ಯಾಡಮ್ಮಾರಿಗೆ ಇಷ್ಟ ಇಳಿಜಾರ ಆದ್ರ ನಡೀತೈತೇನ್ರಿ ಸರ?”

“ನಡೀತೈತಿ, ನಡೀತೈತಿ. ಆಕಿಗೆ ಎಲ್ಲಾ ರೂಢಿ ಐತಿ,” ಎಂದರು ಪ್ರಿನ್ಸಿಪಾಲರು.

ನಾನು ಅಲ್ಲೇ, ಎರಡು ಮಾರು ದೂರದಲ್ಲಿ, ಹಾಜರಿ ಪುಸ್ತಕ ಹಿಡಿದು ನಿಂತಿದ್ದೆ. ಇಬ್ಬರೂ ಒಳ್ಳೆಯವರು. ನಾನು ನಕ್ಕು ಒಳಗೆ ಹೋದೆ. ತರಗತಿಯ ಕಿಟಕಿಯಿಂದಲೂ ಆ ವಾಸನೆ ಬರುತ್ತಿತ್ತು. ಬೋರ್ಡಿನ ಮೇಲೆ ಒಂದು ಲೆಕ್ಕ ಅರ್ಧ ಬರೆದವಳಿಗೆ, ಹೋದ ವರ್ಷ ಇದೇ ವಾಸನೆಯ ನಡುವೆ ನೀಲವ್ವತ್ತಿಯ ಜೊತೆ ಕಳೆದ ಒಂದು ದಿನ ನೆನಪಾಗಿ, ಮುಂದಿನ ಸಾಲು ಮರೆತೇಹೋಯಿತು.

ನೀಲವ್ವತ್ತಿ ನನ್ನ ತಂದೆಯ ಅಕ್ಕ. ಯರಗಟ್ಟಿಯಲ್ಲಿ ರೊಟ್ಟಿ ಮಾಡಿ ಮಾರುತ್ತಾಳೆ. ಮದುವೆ, ಸೀಮಂತ, ಗೃಹಪ್ರವೇಶ ಅಂತ ಸುತ್ತಲ ಹತ್ತೂರಿಗೆ ಅವಳ ರೊಟ್ಟಿ ಹೋಗುತ್ತದೆ. ಮೂವತ್ತು ವರ್ಷ ಒಲೆಯ ಮುಂದೆ ಒಂದು ಮೊಣಕಾಲು ಮಡಿಸಿ, ಒಂದು ಎತ್ತಿ ಕೂತು ರೊಟ್ಟಿ ಬಡಿದವಳ ಕಾಲುಗಳು ಹೇಗಿರಬೇಕೋ ಹಾಗೆಯೇ ಇವೆ. ಈಗ ನಾಲ್ಕು ಹೆಂಗಸರು ಬಡಿಯುತ್ತಾರೆ. ಅವಳು ಎತ್ತರದ ಕಟ್ಟೆಯ ಮೇಲೆ ಕೂತು ಬೇಯಿಸುತ್ತಾಳೆ, ಬೈಯುತ್ತಾಳೆ. ಕೋಲು ಹಿಡಿ ಎಂದರೆ ಕೇಳುವವಳಲ್ಲ. ಬದಲಿಗೆ ಒಂದು ನೀಲಿ ಪ್ಲಾಸ್ಟಿಕ್ ಸ್ಟೂಲನ್ನು ಮುಂದಿಟ್ಟು, ಅದರ ಮೇಲೆ ಭಾರ ಹಾಕಿ ಹತ್ತು ಹೆಜ್ಜೆ ನಡೆಯುತ್ತಾಳೆ, ದಣಿದರೆ ಅದರ ಮೇಲೆಯೇ ಕೂರುತ್ತಾಳೆ. ಬಸ್ಸಿಗೂ ಅದು ಬರುತ್ತದೆ, ಮದುವೆಯ ಮಂಟಪಕ್ಕೂ ಬರುತ್ತದೆ. “ಕೋಲ ಹಿಡದ್ರ ಮುದುಕಿ ಅಂತಾರ. ಸ್ಟೂಲ್ ಹಿಡದ್ರ ಕೆಲಸಕ್ಕ ಹೊಂಟಾಳ ಅಂತಾರ,” ಎನ್ನುವುದು ಅವಳ ವಾದ.

ಅವಳ ಮಗ ಮಹಾಂತೇಶ ನಾಲ್ಕು ವರ್ಷದ ಹಿಂದೆ ಮನೆಯ ಮೇಲೆ ಇನ್ನೊಂದು ಅಂತಸ್ತು ಕಟ್ಟಿಸಿದ. ಎರಡು ಕೋಣೆ, ಮುಂದೆ ಸ್ವಲ್ಪ ಬಯಲು. ನೀಲವ್ವತ್ತಿ ಅದನ್ನು ಮೊಬೈಲಿನಲ್ಲಿ ಮಾತ್ರ ನೋಡಿದ್ದಾಳೆ. ಮೇಲಿನ ಅಂತಸ್ತಿನ ಪೂಜೆಯ ದಿನವೂ ಕೆಳಗೆ ಕೂತು ಗಂಟೆಯ ಸದ್ದು ಕೇಳಿ ಕೈ ಮುಗಿದಳಂತೆ. ಎತ್ತಿಕೊಂಡು ಒಯ್ಯುತ್ತೇವೆ ಎಂದು ಮಗ ಹೇಳಿದರೆ, “ನಾ ಏನ್ ಜ್ವಾಳದ ಚೀಲೇನ?” ಎಂದು ಬೈದಿದ್ದಳು.

ಇನ್ನು ನನ್ನ ವಿಷಯ. ಪ್ರವಾಸ ಎಂಬುದರಲ್ಲಿ ನನಗೆ ಚಿಕ್ಕಂದಿನಿಂದಲೂ ಒಂದು ಖಾಯಂ ಹುದ್ದೆ ಇದೆ: ಚೀಲ ಕಾಯುವುದು. ಸಾಲೆಯಿಂದ ತೊರಗಲ್ ಕೋಟೆಗೆ ಹೋದಾಗ ನಲವತ್ತೆರಡು ಚೀಲಗಳ ನಡುವೆ ಕೂತು ಕೋಟೆಯನ್ನು ಕೆಳಗಿನಿಂದ ಚೆನ್ನಾಗಿ ನೋಡಿದ್ದೇನೆ. ಯಾವ ಚೀಲದಲ್ಲಿ ಶೇಂಗಾ ಚಟ್ನಿ, ಯಾವುದರಲ್ಲಿ ಅಗಸಿ ಚಟ್ನಿ ಎಂದು ವಾಸನೆಯಲ್ಲೇ ಹೇಳಬಲ್ಲೆ. ಹೊರಡುವ ಮುಂಚೆ ಯಾರಾದರೂ ಅವ್ವನನ್ನು ಕೇಳುತ್ತಿದ್ದರು, “ಆಕಿಗೆ ಆಗತೈತೇನ್ರಿ?” ಅವ್ವ ಉತ್ತರ ಕೊಡುವ ಮೊದಲೇ “ನಾ ಚೀಲ ನೋಡ್ಕೋತೇನ್ರಿ” ಎಂದುಬಿಡುತ್ತಿದ್ದೆ. ಬೇಡ ಎನ್ನಿಸಿಕೊಳ್ಳುವುದಕ್ಕಿಂತ ನಾವೇ ಬೇಡ ಎನ್ನುವುದು ಸುಲಭ. ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸುವ ಹೊತ್ತಿಗೆ ನಾನು ಈ ಕೆಲಸದಲ್ಲಿ ಎಷ್ಟು ಪಳಗಿದ್ದೆನೆಂದರೆ, ನನಗೆ ಪ್ರವಾಸವೇ ಇಷ್ಟವಿಲ್ಲ ಎಂದು ಗೆಳತಿಯರೆಲ್ಲ ನಂಬಿದ್ದರು. ನಾನೂ ಸುಮಾರಾಗಿ ನಂಬಿದ್ದೆ.

ಹೋದ ವರ್ಷ ಕಿತ್ತೂರು ದಾಟಿದ ಮೇಲೆ ಹೆದ್ದಾರಿಯ ಮಗ್ಗುಲಲ್ಲಿ ಒಂದು ಹೊಸ ಪಾರ್ಕು ತೆರೆಯಿತು. ನೀರಿನ ಜಾರುಬಂಡೆ, ತೂಗುವ ಹಡಗು, ಸಿಮೆಂಟಿನ ಪ್ರಾಣಿಗಳು, ನಡುವೆ ಒಂದು ದೊಡ್ಡ ಜೈಂಟ್ ವ್ಹೀಲ್. ದೀಪಾವಳಿ ಸೂಟಿಯಲ್ಲಿ ಮಹಾಂತೇಶ ಹೆಂಡತಿ, ಮಕ್ಕಳು, ತಾಯಿಯನ್ನು ಕಾರಿನಲ್ಲಿ ತುಂಬಿಕೊಂಡು ನಮ್ಮ ಮನೆಗೆ ಬಂದವನು ನನ್ನನ್ನೂ ಕರೆದ. “ನೀ ಬಂದ್ರ ಅವ್ವಗ ಜೋಡಿ ಆಗತೈತಿ,” ಎಂದ. ನಡೆಯಲಾರದವರು ಇಬ್ಬರಿದ್ದರೆ ಒಬ್ಬರಿಗೊಬ್ಬರು ಆಗುತ್ತಾರೆ ಎಂಬ ಲೆಕ್ಕ. ತಪ್ಪು ಲೆಕ್ಕವೇನಲ್ಲ.

ಗೇಟಿನಲ್ಲಿ ಕಾವಲುಗಾರ ಮೊದಲು ಸ್ಟೂಲನ್ನು ತಡೆದ. ಆಮೇಲೆ ಬುತ್ತಿಯ ಗಂಟನ್ನು. ಹೊರಗಿನ ಊಟ ಒಳಗೆ ತರುವಂತಿಲ್ಲ ಎಂದು ಬೋರ್ಡು ತೋರಿಸಿದ.

“ಇದು ಊಟಲ್ಲಪಾ, ರೊಟ್ಟಿ,” ಎಂದಳು ನೀಲವ್ವತ್ತಿ.

“ರೊಟ್ಟಿ ಅಂದ್ರ ಊಟಾನ ಅಲ್ರೀ ಅಮ್ಮಾ?”

“ಹಂಗಾರ ನಿಮ್ಮ ಹೊಟೆಲ್‌ನ್ಯಾಗ ರೊಟ್ಟಿ ಸಿಗತಾವೇನ?”

ಸಿಗುವುದಿಲ್ಲ, ನೂಡಲ್ಸ್ ಸಿಗುತ್ತದೆ ಎಂದ ಅವನು. ನೀಲವ್ವತ್ತಿ ಅವನನ್ನು ಬಹಳ ಕರುಣೆಯಿಂದ ನೋಡಿದಳು. ಸ್ಟೂಲ್ ಬಿಡುವುದಿಲ್ಲವೆಂದರೆ ಕೂರಲು ಬೇರೆ ಏನಾದರೂ ಕೊಡಿ ಎಂದು ಪಟ್ಟು ಹಿಡಿದಳು. ಅಲ್ಲಿ ಒಂದು ಗಾಲಿಕುರ್ಚಿ ಇದೆಯೆಂದು ಆಗ ತಿಳಿಯಿತು. ಔಷಧಿ ಕೋಣೆಯಲ್ಲಿ ಅದರ ಮೇಲೆ ಪ್ಲಾಸ್ಟಿಕ್ ಹೂವಿನ ಕುಂಡ ಇಟ್ಟಿದ್ದರು. ಕುಂಡ ಇಳಿಸಿ, ಧೂಳು ಒರೆಸಿ ತಂದರು. ಅತ್ತಿ ನನ್ನ ಕಡೆ ತಿರುಗಿ “ನೀ ಕುಂಡ್ರತೀಯೇನ?” ಎಂದು ಕೇಳಿದಳು. ನಾನು ಬೇಡವೆಂದೆ. ಅವಳು ಮರುಮಾತಾಡದೆ ಬುತ್ತಿಯ ಗಂಟನ್ನು ಸೀಟಿನ ಮೇಲೆ ಹರಡಿ, “ಮೆತ್ತಗಿರಲಿ” ಎಂದು ಅದರ ಮೇಲೆಯೇ ಕೂತಳು. ಕಾವಲುಗಾರ ಆಕಾಶ ನೋಡಿದ.

ಕುರ್ಚಿಯ ಹಿಡಿಗಳನ್ನು ಹಿಡಿದು ನಾನು ತಳ್ಳತೊಡಗಿದೆ. ಇಲ್ಲೊಂದು ಸಂಗತಿ ಹೇಳಬೇಕು. ಎರಡೂ ಕೈಗೆ ಆಸರೆ ಸಿಕ್ಕಿ ನಡೆದದ್ದು ನನಗೆ ಅದೇ ಮೊದಲು. ಆ ಕುರ್ಚಿಯ ಮುಂದಿನ ಗಾಲಿ ಕೆಟ್ಟು ಅದು ಬಲಕ್ಕೆ ಎಳೆಯುತ್ತಿತ್ತು. ನಾನು ಎಡಕ್ಕೆ ವಾಲುತ್ತೇನೆ. ಎರಡೂ ಸೇರಿ ನೆಟ್ಟಗೆ ಹೋದೆವು. ಪಾಪ, ಆ ಹುಡುಗಿ ಅಜ್ಜಿಯನ್ನು ಎಷ್ಟು ಜೋಪಾನವಾಗಿ ಒಯ್ಯುತ್ತಾಳೆ ಎಂದು ಜನ ನೋಡುತ್ತಿದ್ದರು. ಯಾರು ಯಾರನ್ನು ಒಯ್ಯುತ್ತಿದ್ದರು ಎಂದು ಅವರಿಗೆ ಹೇಳಲು ಹೋಗಲಿಲ್ಲ.

ಮಹಾಂತೇಶನ ಮನೆಯವರು ನೀರಿನ ಕಡೆ ಹೋದರು. ನಾವಿಬ್ಬರೂ ಹೊಸ ಸಿಮೆಂಟಿನ ದಾರಿಗಳಲ್ಲಿ ಸುತ್ತಿದೆವು. ಡೈನೋಸಾರ್ ನೋಡಿ ಅತ್ತಿ, “ಹಲ್ಲಿ ಚಲೋ ಮಾಡ್ಯಾರ,” ಎಂದಳು. ಬಟ್ಟೆ ಸಮೇತ ನೀರಿಗೆ ಇಳಿಯಲು ಸಾಲುಗಟ್ಟಿದ ದೊಡ್ಡ ದೊಡ್ಡ ಗಂಡಸರನ್ನು ನೋಡಿ, “ಮನ್ಯಾಗ ಜಳಕಾ ಮಾಡ ಅಂದ್ರ ಹೆಂಡ್ತಿ ಮ್ಯಾಲ ಹರಿಹಾಯ್ತಾವ, ಇಲ್ಲಿ ಪಾಳಿ ಹಚ್ಯಾವ ನೋಡ,” ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ನನಗೆ ನೆಲ ಬಿರಿಯಬಾರದೇ ಎನಿಸಿತು. ಆದರೂ ಅಷ್ಟು ನಕ್ಕದ್ದು ಆ ವರ್ಷದಲ್ಲಿ ಅದೊಂದೇ ದಿನ ಇರಬೇಕು.

ಜೈಂಟ್ ವ್ಹೀಲಿನ ಎದುರು ಬಂದಾಗ ಅವಳು “ತಡಿ” ಎಂದಳು. ಕುರ್ಚಿ ನಿಲ್ಲಿಸಿದೆ. ತೊಟ್ಟಿಲುಗಳು ಒಂದೊಂದಾಗಿ ಕೆಳಗೆ ಬಂದು ಮೇಲೆ ಹೋಗುವುದನ್ನು ಬಹಳ ಹೊತ್ತು ನೋಡಿದಳು.

“ಇದರಾಗ ಹತ್ತೂದೇನಿಲ್ಲಲಾ,” ಎಂದಳು. “ಬರೇ ಕುಂತ್ರ ಆತು. ಮ್ಯಾಲ ಅದ ಒಯ್ತೈತಿ.”

“ಹೂಂ.”

“ಮಗಾ ಕಟ್ಟಿಸಿದ ಮಾಳಗಿ ಅಂತೂ ಹತ್ತಾಕ ಆಗಲಿಲ್ಲ. ಮ್ಯಾಲ ನಿಂತ್ರ ಹೆಂಗ ಕಾಣತೈತಿ ಅನ್ನೂದ ಮರತ ಹೋಗೇತಿ ನನಗ. ನಡಿ ಬೇ, ಇದೊಂದ ನೋಡೂಣು.”

ಸಾಲಿನಲ್ಲಿ ನಿಂತೆವು. ನಮ್ಮ ಹಿಂದೆ ಯಾವುದೋ ಕಾಲೇಜಿನ ಇಪ್ಪತ್ತು ಮೂವತ್ತು ಹುಡುಗ ಹುಡುಗಿಯರು. ಮುಂದೆ ಮೂರು ಕಬ್ಬಿಣದ ಮೆಟ್ಟಿಲು, ಒಂದೊಂದೂ ಒಂಬತ್ತು ಇಂಚು, ಪಕ್ಕಕ್ಕೆ ಹಿಡಿಕೆ ಇಲ್ಲ. ಮೇಲೆ ಹಲಗೆಯ ಮುಂದೆ ತೊಟ್ಟಿಲು ಪೂರ್ತಿ ನಿಲ್ಲುವುದಿಲ್ಲ. ಮೆಲ್ಲಗೆ ಸರಿಯುತ್ತಿರುವಾಗಲೇ ಕಾಲಿಡಬೇಕು. ಇದನ್ನೆಲ್ಲ ನಾನು ದೂರದಿಂದಲೇ ಅಳೆದಿದ್ದೆ. ಚಕ್ರ ನಡೆಸುವವನ ಎದೆಯ ಪಟ್ಟಿಯ ಮೇಲೆ ದಾವಲಸಾಬ ಎಂದಿತ್ತು. ನಲವತ್ತೈದರ ಆಸುಪಾಸು. ರಾಮದುರ್ಗದ ಕಡೆ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದನೆಂದು ಮುಂದಿನವರ ಜೊತೆ ಮಾತಾಡುತ್ತಿದ್ದ. ನಮ್ಮ ಸರದಿ ಬಂದಾಗ ಅವನು ಅತ್ತಿಯ ತಲೆಯ ಮೇಲಿಂದ ನನ್ನನ್ನು ನೋಡಿ ಕೇಳಿದ:

“ಅಮ್ಮಾರಿಗೆ ಆಗತೈತೇನ್ರಿ? ಬೇಕಂದ್ರ ಪೂರಾ ನಿಂದ್ರಸ್ತೇನ್ರಿ. ಎರಡ ಮಿನಿಟಿನ ಕೆಲಸ. ನೀವು ಜೋಡಿ ಹತ್ರಿ.”

ಹಿಂದಿನಿಂದ ಯಾರೋ “ಲಗೂ ಮಾಡ್ರೀ” ಎಂದರು. ಅತ್ತಿಯ ಕೈಗಳು ಆಗಲೇ ಕುರ್ಚಿಯ ತೋಳುಗಳ ಮೇಲೆ ಊರಿದ್ದವು.

“ಬ್ಯಾಡ್ರಿ,” ಎಂದೆ. “ಅವರಿಗೆ ಆಗೂದಿಲ್ಲ.”

ಇದನ್ನು ಬರೆಯುವಾಗಲೂ ಆ ವಾಕ್ಯದ ವೇಗ ನನಗೆ ಆಶ್ಚರ್ಯ ತರುತ್ತದೆ. ಯೋಚಿಸಿ ಹೇಳಿದ್ದಲ್ಲ. ಎದುರಿಗಿದ್ದ ಮನುಷ್ಯ ಚಕ್ರ ನಿಲ್ಲಿಸುತ್ತೇನೆ ಎನ್ನುತ್ತಿದ್ದ. ಹತ್ತಬೇಕಾದವಳು ಏಳಲು ತಯಾರಾಗಿದ್ದಳು. ಆಗುವುದಿಲ್ಲ ಎಂದು ಹೇಳಿದವಳು ನಾನೊಬ್ಬಳೇ. ಅವಳು ಹತ್ತಿದರೆ ಜೊತೆಗೆ ನಾನು ಹತ್ತಬೇಕಿತ್ತು. ಕುರ್ಚಿಯ ಹಿಡಿ ಬಿಟ್ಟು, ಆ ಮೂರು ಮೆಟ್ಟಿಲುಗಳನ್ನು, ಮೂವತ್ತು ಜನರ ಎದುರು, ಯಾರದೋ ಭುಜ ಹಿಡಿದು. ಅದು ನನಗೆ ಬೇಡವಾಗಿತ್ತು. ಅದಕ್ಕೆ ಅವಳ ಮೊಣಕಾಲುಗಳನ್ನು ಮುಂದೆ ಮಾಡಿದೆ.

ದಾವಲಸಾಬ “ಆತು ಬಿಡ್ರಿ” ಎಂದು ಹಿಂದಿನವರನ್ನು ಕರೆದ. ಅತ್ತಿ ನನ್ನತ್ತ ತಿರುಗಿ ನೋಡಲಿಲ್ಲ. ತೋಳುಗಳ ಮೇಲಿಂದ ಕೈ ತೆಗೆದು ಸೆರಗಿನೊಳಗೆ ಇಟ್ಟುಕೊಂಡಳು. ಸ್ವಲ್ಪ ದೂರ ಹೋದ ಮೇಲೆ ನೀರು ಕೇಳಿದಳು, ಕುಡಿದಳು. “ನಡಿ, ರೊಟ್ಟಿ ತಿನ್ನೂಣು,” ಎಂದಳು. ಸಿಮೆಂಟಿನ ಆನೆಯ ನೆರಳಿನಲ್ಲಿ ಎಲ್ಲರೂ ಕೂತು ಚಪ್ಪಟೆಯಾದ ರೊಟ್ಟಿಯನ್ನು ಎಣಗಾಯಿ ಪಲ್ಯದೊಂದಿಗೆ ತಿಂದೆವು. ಮಹಾಂತೇಶ ಜಾರುಬಂಡೆಯಲ್ಲಿ ಬಿದ್ದ ಕತೆ ಹೇಳಿ ಎಲ್ಲರನ್ನೂ ನಗಿಸಿದ. ಅತ್ತಿಯೂ ನಕ್ಕಳು. ಆದರೆ ಆ ದಿನ ಸಂಜೆಯವರೆಗೆ ಅವಳು ಯಾರನ್ನೂ ಬೈಯಲಿಲ್ಲ.

ಆಮೇಲೆ ನಾವು ಆರೇಳು ಸಲ ಭೇಟಿಯಾಗಿದ್ದೇವೆ. ಎಂದಿನಂತೆಯೇ ಇದ್ದಾಳೆ. ಪಾರ್ಕಿನ ಮಾತು ಬಂದಾಗ ಹಲ್ಲಿಯ ಬಗ್ಗೆ, ನೂಡಲ್ಸಿನ ಬಗ್ಗೆ ಹೇಳುತ್ತಾಳೆ; ಚಕ್ರದ ಬಗ್ಗೆ ಹೇಳುವುದಿಲ್ಲ. ಒಂದು ಸಲ ಪಕ್ಕದ ಮನೆಯವಳು “ಅಲ್ಲಿ ದೊಡ್ಡ ಚಕ್ರ ಐತಂತಲಾ, ನೀ ಕುಂತಿದ್ದೇನ?” ಎಂದು ಕೇಳಿದಳು. “ನನಗ ಆಗೂದಿಲ್ಲವಾ ಅದು,” ಎಂದಳು ಅತ್ತಿ. ಅಷ್ಟು ಸಲೀಸಾಗಿ ಹೇಳಿದಳು. ನಾನು ಅಲ್ಲೇ ಚಹಾ ಕುಡಿಯುತ್ತ ಕೂತಿದ್ದೆ. ಆಗಲೇ ಏನಾದರೂ ಹೇಳಬಹುದಿತ್ತು. ಚಹಾ ಚೆನ್ನಾಗಿದೆ ಎಂದೆ.

ಮೊನ್ನೆ ಬುಧವಾರ ಬೋರ್ಡಿನ ಮುಂದೆ ನಿಂತಾಗ ನನ್ನ ಕಿವಿಯಲ್ಲಿ ಕೇಳಿಸಿದ್ದು ಪ್ರಿನ್ಸಿಪಾಲರ ದನಿಯಲ್ಲ, “ಅವರಿಗೆ ಆಗೂದಿಲ್ಲ” ಎಂದ ನನ್ನದೇ ದನಿ. ಲೆಕ್ಕವನ್ನು ವಿದ್ಯಾರ್ಥಿನಿಯೊಬ್ಬಳು ಮುಗಿಸಿಕೊಟ್ಟಳು.

ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಪಾರ್ಕಿಗೆ ಫೋನ್ ಮಾಡಿದೆ. ಕಚೇರಿಯವರು ಅತ್ತಿಂದಿತ್ತ ಮಾಡಿ ಕೊನೆಗೆ ಫೋನನ್ನು ಚಕ್ರದ ಹತ್ತಿರ ಒಯ್ದು ಕೊಟ್ಟರು. ನಡೆಯಲು ಕಷ್ಟ ಇರುವವರಿಗೆ ಚಕ್ರ ಪೂರ್ತಿ ನಿಲ್ಲಿಸುತ್ತೀರಾ ಎಂದು ಕೇಳಿದೆ.

“ನಿಂದ್ರಸ್ತೇನ್ರಿ. ಎಷ್ಟ ಮಂದಿ ಅದಾರ್ರಿ ಅಂಥಾವ್ರು?” ಎಂದ ದಾವಲಸಾಬ.

“ಇಬ್ರು. ನಮ್ಮತ್ತಿ ಒಬ್ರು. ಇನ್ನೊಬ್ಬಾಕಿ ನಾನು.”

“ನಿಮಗೇನಾಗೇತ್ರಿ?”

ಹೇಳಿದೆ. ಎಡಗಾಲು ಎಷ್ಟು ಗಿಡ್ಡ ಎಂದು, ಮೆಟ್ಟಿಲಿಗೆ ಹಿಡಿಕೆ ಇಲ್ಲದ್ದರಿಂದ ಯಾರಾದರೂ ಬಲಗಡೆ ನಿಂತು ಕೈ ಕೊಡಬೇಕು ಎಂದು. ಒಂದು ನಿಮಿಷವೂ ಹಿಡಿಯಲಿಲ್ಲ. ಅವನು “ಸೋಮವಾರ ಬರ್ರಿ, ಗದ್ದಲ ಇರೂದಿಲ್ಲ,” ಎಂದ.

ಆಮೇಲೆ ಯರಗಟ್ಟಿಗೆ ಫೋನ್ ಮಾಡಿದೆ. ರೊಟ್ಟಿ ಬಡಿಯುವ ಸದ್ದಿನ ನಡುವೆ ಅತ್ತಿ ಎತ್ತಿಕೊಂಡಳು. ಪೀಠಿಕೆ ಹಾಕಲು ನನಗೆ ಬರುವುದಿಲ್ಲ.

“ಅವತ್ತ ಚಕ್ರದ ಮುಂದ ನಿನಗ ಆಗೂದಿಲ್ಲ ಅಂತ ಹೇಳಿದ್ನಲಾ ಅತ್ತಿ,” ಎಂದೆ, “ನಿನಗ ಆಗತಿತ್ತು. ನನಗ ನಾಚಿಕಿ ಬಂದಿತ್ತು.”

ಅವಳು ಪಕ್ಕದವರಿಗೆ “ತಡೀರಿ ಸ್ವಲ್ಪ” ಎಂದಳು. ಬಡಿಯುವ ಸದ್ದು ನಿಂತಿತು.

“ಇಷ್ಟ ಹೇಳಾಕ ಒಂದ ವರ್ಷ ಬೇಕಾತು?” ಎಂದಳು. “ಎಂ.ಎಸ್ಸಿ. ಕಲತಾಕಿಗೆ?”

ಸೋಮವಾರ ಹೋಗೋಣವೇ ಎಂದು ಕೇಳಿದೆ.

“ರವಿವಾರ ಮದವಿ ಆರ್ಡರ್ ಮುಗೀತೈತಿ. ಸೋಮವಾರ ಬರತೇನಿ,” ಎಂದಳು. “ಆದರ ಒಂದ ಮಾತು. ಅಲ್ಲಿ ನಿನಗ ಅಂಜಿಕಿ ಬಂದ್ರ ನಿನ್ನ ಹೆಸರ ಹೇಳಕೋ. ನನ್ನ ಹೆಸರ ಹೇಳಬ್ಯಾಡ.”

ಆತು ಎಂದೆ. ಸೋಮವಾರದ ರಜೆಗೆ ಅರ್ಜಿ ಬರೆದು, ಹನ್ನೊಂದರ ತರಗತಿಗೆ ಹೋದೆ.