ಹಿಂದೆ ನಿಲ್ಲುವವನ ರೈಫಲ್

ನಂಬಿ ಎಂದು ನಾನು ಯಾರ ಹತ್ತಿರವೂ ಬೇಡಿಕೊಳ್ಳುವುದಿಲ್ಲ. ನಂಬದವರ ಜೊತೆ ವಾದ ಮಾಡಿ ಮಾಡಿ ನನಗೆ ಸಾಕಾಗಿದೆ. ಆ ಸಂಜೆ ಅಂಗಡಿಯಲ್ಲಿ ಮೂವರಿದ್ದೆವು. ಮೂವರೂ ಬದುಕಿದ್ದೇವೆ. ಮೂವರಿಗೂ ಕೇಳಿಸಿದ್ದು ಒಂದೇ ಮಾತು.

ನನ್ನ ಹೆಸರು ಗಿರಿಜಾ. ಪೆರಂಬೂರಿನಲ್ಲಿ ರೈಲ್ವೆ ವರ್ಕ್‌ಶಾಪಿನ ಉದ್ದ ಗೋಡೆ ಮುಗಿಯುವ ಕಡೆ ನಮ್ಮದೊಂದು ಬಂದೂಕಿನ ಅಂಗಡಿಯಿದೆ. ಅಪ್ಪ ಧಾರವಾಡದಿಂದ ಈ ತಮಿಳು ಊರಿಗೆ ಟರ್ನರ್ ಕೆಲಸಕ್ಕೆ ಬಂದವನು, ಆಮೇಲೆ ಲೈಸೆನ್ಸ್ ಪಡೆದು ಇದನ್ನು ತೆರೆದ. ಅವನ ನಂತರ ನಾನು ನಡೆಸುತ್ತಿದ್ದೇನೆ. ಹೆಂಗಸು ಬಂದೂಕು ರಿಪೇರಿ ಮಾಡುತ್ತಾಳಾ ಎಂದು ಕೇಳುವವರು ಇನ್ನೂ ಇದ್ದಾರೆ. ಕೇಳಲಿ.

ನಮ್ಮ ದೇಶದಲ್ಲಿ ಬೇಟೆ ನಿಷೇಧ. ದುಡ್ಡಿದ್ದವರು ಪರ್ಮಿಟ್ ಮಾಡಿಸಿಕೊಂಡು ಆಫ್ರಿಕಾಕ್ಕೆ ಹೋಗುತ್ತಾರೆ. ವೇಲಚೇರಿಯಲ್ಲಿ ಫ್ಲಾಟ್ ಕಟ್ಟಿಸುವ ಚಂದ್ರಶೇಖರ ಅಂಥವನು. ಮೈಸೂರು ಕಡೆಯವನು, ನಮ್ಮ ಅಪ್ಪನ ಕಾಲದಿಂದ ಗಿರಾಕಿ. ನನ್ನ ತಮ್ಮ ಮಲ್ಲಿಕಾರ್ಜುನ, ಅಂದರೆ ನಮ್ಮ ಮಲ್ಲು, ರೈಫಲ್ ಕ್ಲಬ್ಬಿನಲ್ಲಿ ಗುರಿಗೆ ಹೆಸರಾದವನು. ಅವನನ್ನು ಚಂದ್ರಶೇಖರ ತನ್ನ ಜೊತೆ ಕಾಡೆಮ್ಮೆ ಬೇಟೆಗೆ ಕರೆದುಕೊಂಡು ಹೋದ. ತನ್ನ ಬೆನ್ನು ಕಾಯಲು.

ಕಾಡೆಮ್ಮೆ ಒಂದೇ ಗುಂಡಿಗೆ ಬೀಳುವ ಪ್ರಾಣಿಯಲ್ಲ. ಗಾಯವಾದರೆ ಪೊದೆಯೊಳಗೆ ಹೋಗಿ ಕಾಯುತ್ತದೆ, ಆಮೇಲೆ ನೇರ ಮೇಲೇ ಬರುತ್ತದೆ. ಆಗ ಕೆಲಸಕ್ಕೆ ಬರುವುದು ಹಿಂದೆ ನಿಂತವನ ಕೈಯಲ್ಲಿರುವ ಬ್ಯಾಕಪ್ ರೈಫಲ್. ಭಾರದ ಗುಂಡು ಬೇಕು, ನಳಿಗೆ ಗಿಡ್ಡ ಇರಬೇಕು, ದುರ್ಬೀನು ಇರಬಾರದು. ಎಲ್ಲಕ್ಕಿಂತ ಮುಖ್ಯವಾಗಿ ಬೋಲ್ಟ್ ಎಳೆದು ತಳ್ಳಿದ ಪ್ರತಿ ಸಲವೂ ಮುಂದಿನ ಗುಂಡು ತಡವರಿಸದೆ ಒಳಗೆ ಹೋಗಬೇಕು.

ಚಂದ್ರಶೇಖರ ತನಗೆ ಕೆತ್ತನೆಯ ಜೋಡಿನಳಿಗೆ ಬಂದೂಕು ಇಟ್ಟುಕೊಂಡ. ಮಲ್ಲುಗೆ ತನ್ನ ಮನೆಯ ಮೂಲೆಯಲ್ಲಿ ಬಿದ್ದಿದ್ದ ಒಂದು ರೈಫಲ್ ಕೊಟ್ಟ. ನಾನು ನೋಡಿ ಹೇಳಿದ್ದೆ, ಗುಂಡು ಕೂರಿಸುವ ಮ್ಯಾಗಜಿನ್ನಿನ ತುಟಿ ಸವೆದಿದೆ, ಗುಂಡು ಓರೆಯಾಗಿ ಸಿಕ್ಕಿಕೊಳ್ಳುತ್ತದೆ, ಬೇಡ ಎಂದು. "ಹಿಂದಿರೋನು ಹೊಡೆಯೋ ಪ್ರಸಂಗ ಬಂದ್ರೆ ತಾನೇ?" ಎಂದು ಚಂದ್ರಶೇಖರ ನಕ್ಕಿದ್ದ.

ಪ್ರಸಂಗ ಬಂತು. ಚಂದ್ರಶೇಖರನ ಗುಂಡು ಕಾಡೆಮ್ಮೆಯ ಹೊಟ್ಟೆಗೆ ಬಿತ್ತು. ಕಾಡೆಮ್ಮೆ ಪೊದೆಯಿಂದ ಹೊರಬಿದ್ದಾಗ ಮಲ್ಲು ಅವನನ್ನು ಪಕ್ಕಕ್ಕೆ ದಬ್ಬಿ ಮುಂದೆ ಬಂದು ನಿಂತ. ಮೊದಲ ಗುಂಡು ತಾಗಿತು. ಎರಡನೆಯದು ನಳಿಗೆಯೊಳಗೆ ಹೋಗದೆ ಓರೆಯಾಗಿ ಸಿಕ್ಕಿಕೊಂಡಿತು...

ಪೆಟ್ಟಿಗೆಯಲ್ಲಿ ಬಂದ ನನ್ನ ತಮ್ಮನ ಮುಖವನ್ನು ನನಗೆ ತೋರಿಸಲಿಲ್ಲ. ಆ ರೈಫಲ್ಲನ್ನು ಮಾತ್ರ ಚಂದ್ರಶೇಖರ ಡ್ರೈವರ್ ಕೈಯಲ್ಲಿ ಅಂಗಡಿಗೆ ಕಳಿಸಿದ. ಭದ್ರವಾಗಿಟ್ಟಿರಬೇಕಂತೆ! ತಾನು ಬರಲಿಲ್ಲ. ತಿಥಿಗೂ ಬರಲಿಲ್ಲ.

ಎರಡು ವರ್ಷದ ಮೇಲೆ ಬಂದ. ಕತ್ತಲಾಗುತ್ತಿತ್ತು. ಶಟರ್ ಎಳೆಯಬೇಕು ಎನ್ನುವಷ್ಟರಲ್ಲಿ ಕಾರು ನಿಂತಿತು. ಜೊತೆಯಲ್ಲಿ ದೊರೈ ಎಂಬ ಒಬ್ಬ ಮನುಷ್ಯ. ಸೈನ್ಯದಿಂದ ನಿವೃತ್ತನಾದವನು, ನಲವತ್ತರ ಆಸುಪಾಸು.

"ಏನ್ರೀ ಗಿರಿಜಾ, ಇನ್ನೂ ಕೋಪಾನಾ? ಆಕ್ಸಿಡೆಂಟು ಅದು. ಬಿಡಿ, ಮುಂದಿನ ತಿಂಗಳು ಮತ್ತೆ ಹೊರಟಿದೀವಿ. ದೊರೈ ಬ್ಯಾಕಪ್ಪು. ಒಂದು ರೈಫಲ್ ಸೆಲೆಕ್ಟ್ ಮಾಡ್ಬೇಕು."

ಹೊರಗೆ ಹಾಕಬೇಕಿತ್ತು. ಹಾಕಲಿಲ್ಲ. ಯಾಕೆಂದರೆ ನಾನು ಕೊಡದಿದ್ದರೆ ಇನ್ನೆಲ್ಲೋ ಒಂದು ಕಬ್ಬಿಣದ ತುಂಡು ತಂದು ಆ ದೊರೈ ಕೈಗೆ ಕೊಡುತ್ತಾನೆ. ಹಲ್ಲು ಕಚ್ಚಿಕೊಂಡು ಎರಡು ರೈಫಲ್ ತೆಗೆದು ಮೇಜಿನ ಮೇಲಿಟ್ಟೆ. ಒಂದು ತೀರ ಉದ್ದ. ಇನ್ನೊಂದು ಹಳೆಯದು, ಗಿಡ್ಡ, ಹಿಡಿಯ ಮರ ಮಾಸಿದೆ. ಆದರೆ ಅದರ ಬೋಲ್ಟು ಬೆಣ್ಣೆಯಲ್ಲಿ ಚಾಕು ಆಡಿದಂತೆ ಆಡುತ್ತಿತ್ತು.

ದೊರೈಗೆ ಕಣ್ಣು ಮುಚ್ಚಿ ಭುಜಕ್ಕೆ ಏರಿಸಲು ಹೇಳಿದೆ. ಕಣ್ಣು ತೆರೆದಾಗ ಗುರಿಯ ಮುಳ್ಳು ನೇರ ಅವನ ಕಣ್ಣೆದುರಿಗೇ ಇತ್ತು. "ಇದು ಸರಿಯಾ ಇರುಕ್ಕು ಅಕ್ಕಾ" ಎಂದು ತಮಿಳಿನಲ್ಲೇ ಒಪ್ಪಿದ. ಅವನ ಮುಖದಲ್ಲಿ ನೆಮ್ಮದಿ ಕಂಡಿತು.

"ಇದೇನ್ರೀ ಇಷ್ಟು ಹಳೇ ಪೀಸು?" ಚಂದ್ರಶೇಖರ ಮೂಗು ಮುರಿದ. "ನಮ್ದೇ ಒಂದು ಇಲ್ಲೇ ಬಿದ್ದಿದೆಯಲ್ಲ? ಸುಮ್ನೆ ಇನ್ನೊಂದ್ಯಾಕೆ? ಅದನ್ನೇ ಸರ್ವಿಸ್ ಮಾಡಿ ಕೊಡಿ."

ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಕಿವಿ ಗುಂಯ್ ಎಂದಿತು.

"ಅದನ್ನ?" ಎಂದೆ. "ನಮ್ಮ ಮಲ್ಲು ಸತ್ತ ರೈಫಲ್ಲನ್ನ?"

"ಅದು ನನ್ನ ಲೈಸೆನ್ಸಲ್ಲಿರೋದು ರೀ. ತನ್ನಿ ನೋಡೋಣ."

ತಂದೆ. ಅವನ ಕಣ್ಣಿಗೇ ತೋರಿಸಬೇಕು ಎಂದು ತಂದೆ. ಮುಂದೆ ಕೆಂಪು ಪ್ಲಾಸ್ಟಿಕ್ ಇರುವ ಸುಳ್ಳು ಗುಂಡುಗಳನ್ನು ತುಂಬಿ ದೊರೈಗೆ ಕೊಟ್ಟು, ಬೋಲ್ಟನ್ನು ಜೋರಾಗಿ ಎಳೆದು ತಳ್ಳು ಎಂದೆ. ಒಂದು ಹೋಯಿತು. ಎರಡನೆಯದು ಕರಕ್ ಎಂದು ಅಡ್ಡ ಸಿಕ್ಕಿಕೊಂಡಿತು.

"ಪ್ರಾಕ್ಟೀಸ್ ಮಾಡಿದ್ರೆ ಸರಿಹೋಗುತ್ತೆ," ಎಂದ ಚಂದ್ರಶೇಖರ.

"ನಮ್ಮ ಮಲ್ಲೂಗ ಪ್ರಾಕ್ಟೀಸ್ ಕಡಿಮಿ ಇತ್ತೇನು? ಏನ್ ಮಾತಾಡಾಕತ್ತೀರಿ ನೀವು? ನಿಮ್ಮ ಜೀವಕ್ಕ ಅಷ್ಟ ಬೆಲೆ ಐತೇನು?" ನನ್ನ ದನಿ ಬೀದಿಗೆ ಕೇಳಿಸುತ್ತಿತ್ತು. ಸುಳ್ಳು ಗುಂಡುಗಳನ್ನೆಲ್ಲ ಹೊರಗೆ ತೆಗೆದು ಡಬ್ಬಿಗೆ ಹಾಕಿ, ಖಾಲಿ ರೈಫಲ್ಲನ್ನು ಮೇಜಿನ ಮೇಲೆ ಕುಕ್ಕಿದೆ. "ಇದನ್ನ ನಾ ಕೊಡಂಗಿಲ್ಲ. ಪೊಲೀಸರನ್ನ ಕರೀರಿ, ಯಾರನ್ನರ ಕರೀರಿ!"

ಆಗಲೇ ಕರೆಂಟು ಹೋಯಿತು.

ಬರೀ ನಮ್ಮ ಅಂಗಡಿಯದಲ್ಲ, ಇಡೀ ಬೀದಿಯದು. ಫ್ಯಾನು ನಿಧಾನವಾಗಿ ಸುತ್ತಿ ಸುತ್ತಿ ನಿಂತಿತು. ನಾನೂ ದೊರೈಯೂ ಮೇಜಿನ ಈಚೆ ಇದ್ದೆವು. ಆಚೆ ಚಂದ್ರಶೇಖರ, ಅವನ ಹಿಂದೆ ಬರೀ ಗೋಡೆ. ಯಾರೂ ಅಲುಗಾಡಲಿಲ್ಲ.

ಮೊದಲು ಬಂದದ್ದು ವಾಸನೆ. ಗನ್ ಎಣ್ಣೆಯದಲ್ಲ... ಬಿಸಿಲಿಗೆ ಒಣಗಿದ ಹುಲ್ಲಿನದು. ಆಮೇಲೆ ದನದ ಕೊಟ್ಟಿಗೆಯಂಥ ಬೆಚ್ಚನೆಯ ನಾತ. ಅದರ ನಡುವೆ ಸಣ್ಣಗೆ ಲವಂಗ. ಹಲ್ಲುನೋವಿನ ಮಲ್ಲು ಬಾಯಲ್ಲಿ ಯಾವಾಗಲೂ ಒಂದು ಲವಂಗ ಇಟ್ಟುಕೊಂಡಿರುತ್ತಿದ್ದ.

"ಯಾರದು?" ಎಂದ ಚಂದ್ರಶೇಖರ. "ದೊರೈ, ನೀನಾ? ಹಿಂದೆ ಯಾಕೆ ಬಂದೆ?"

"ನಾನ್ ಇಂಗೆ ಇರುಕ್ಕೇನ್ ಸಾರ್," ಇಲ್ಲೇ ಇದ್ದೇನೆ ಎಂದು ದೊರೈ ನನ್ನ ಪಕ್ಕದಿಂದಲೇ ಪಿಸುಗುಟ್ಟಿದ. ಅವನ ಮೊಣಕೈ ನನ್ನ ಮೊಣಕೈಗೆ ತಾಗುತ್ತಿತ್ತು.

ಬೋಲ್ಟು ಎಳೆದ ಸದ್ದು. ತಳ್ಳಿದ ಸದ್ದು. ಕರಕ್... ಮತ್ತೆ ಎಳೆದ ಸದ್ದು, ಅವಸರದಲ್ಲಿ. ಮತ್ತೆ ಕರಕ್. ಉಸಿರು ಕಟ್ಟಿದವನ ಹಾಗೆ ಮತ್ತೆ ಮತ್ತೆ...

ಅದು ಮೇಜಿನಿಂದ ಬರುತ್ತಿರಲಿಲ್ಲ. ಚಂದ್ರಶೇಖರನ ಬೆನ್ನ ಹಿಂದಿನಿಂದ ಬರುತ್ತಿತ್ತು.

ಆಮೇಲೆ ಮಾತು. ತಗ್ಗಿದ ದನಿ, ನಮ್ಮ ಮನೆಯ ಕನ್ನಡ.

"ಅಂಜಬ್ಯಾಡ್ರಿ ಸರ. ಹಿಂದ ನಾ ಅದೀನಿ."

ತಡಕಾಡಿ ಮೊಬೈಲಿನ ಟಾರ್ಚ್ ಹತ್ತಿಸಿದೆ. ಬೆಳಕು ಬಿದ್ದಾಗ ಮೇಜಿನ ಮೇಲೆ ಎರಡೇ ರೈಫಲ್ ಇದ್ದವು. ಮೂರನೆಯದು ಚಂದ್ರಶೇಖರನ ಹಿಂದೆ ಗೋಡೆಗೆ ಆತು ನಿಂತಿತ್ತು. ಬೋಲ್ಟು ಅರ್ಧ ಮುಚ್ಚಿತ್ತು. ಅದರ ಬಾಯಲ್ಲಿ ಒಂದು ಗುಂಡು ಅಡ್ಡ ಸಿಕ್ಕಿಕೊಂಡಿತ್ತು.

ಸುಳ್ಳು ಗುಂಡಲ್ಲ, ನಿಜವಾದದ್ದು. ಮೂತಿ ತರಚಿ ಚಪ್ಪಟೆಯಾಗಿತ್ತು. ಆ ಅಳತೆಯ ಗುಂಡು ನನ್ನ ಅಂಗಡಿಯಲ್ಲಿ ಒಂದೂ ಇರಲಿಲ್ಲ.

ಚಂದ್ರಶೇಖರನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. "ನೀವೇ ಮಾಡಿದ್ದು. ಟ್ರಿಕ್ಕು ಇದು!" ಎಂದು ನನ್ನ ಕಡೆ ಬೆರಳು ತೋರಿಸಿದ.

"ವೇಣಾಂ ಸಾರ್. ನಾನ್ ವರಲೆ," ಎಂದ ದೊರೈ. ಬೇಡ, ನಾನು ಬರುವುದಿಲ್ಲ. ಚಪ್ಪಲಿಯನ್ನೂ ಹಾಕಿಕೊಳ್ಳದೆ ಹೊರಟುಹೋದ. ಮರುದಿನ ಅವನ ಹೆಂಡತಿ ಬಂದು ಚಪ್ಪಲಿ ತೆಗೆದುಕೊಂಡು ಹೋದಳು. ನನ್ನ ಮುಖ ನೋಡಲಿಲ್ಲ.

ರೈಫಲ್ಲನ್ನೂ ಆ ಗುಂಡನ್ನೂ ನಾನೇ ಪೊಲೀಸ್ ಸ್ಟೇಷನ್ನಿಗೆ ಕೊಟ್ಟೆ. ಗುಂಡು ಎಲ್ಲಿಂದ ಬಂತು ಎಂದು ತಿಂಗಳುಗಟ್ಟಲೆ ಅಲೆಸಿದರು. ಗೊತ್ತಿಲ್ಲ ಎಂದೆ. ಗೊತ್ತಿಲ್ಲದೆ ಹೇಗೆ ಎಂದರು. ಅಂಗಡಿಯ ಲೈಸೆನ್ಸ್ ಹೋಗುವುದೊಂದು ಬಾಕಿ ಇತ್ತು. ಚಂದ್ರಶೇಖರನನ್ನು ಒಂದು ದಿನವೂ ಕರೆಸಲಿಲ್ಲ.

ನನಗೆ ಹೆದರಿಕೆಯಾಗಿರಬೇಕು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಆಗಿದೆ, ಈಗಲೂ ಕರೆಂಟು ಹೋದರೆ ಗೋಡೆಗೆ ಬೆನ್ನು ಕೊಟ್ಟೇ ನಿಲ್ಲುತ್ತೇನೆ. ಆದರೆ ಹೆದರಿಕೆಗಿಂತ ಸಿಟ್ಟು ದೊಡ್ಡದು, ಅದು ಮಲ್ಲುವಿನ ಮೇಲೆ. ಸತ್ತ ಮೇಲೂ ಇವನ ಬೆನ್ನು ಕಾಯುತ್ತೀಯಾ? ಅಕ್ಕ ಇಲ್ಲೇ ಮೇಜಿನ ಈಚೆ ನಿಂತಿದ್ದಳಲ್ಲ, ಅವಳಿಗೆ ಒಂದು ಮಾತಿಲ್ಲವೇ?

ಚಂದ್ರಶೇಖರ ಬೇಟೆಗೆ ಹೋಗಲಿಲ್ಲ. ಈಚೆಗೆ ಫೋನ್ ಮಾಡಲು ಶುರು ಮಾಡಿದ್ದಾನೆ. ಮೊದಮೊದಲು ಬೈಯುತ್ತಿದ್ದ. ಈಗ ಅಳುತ್ತಾನೆ.

"ಊಟಕ್ಕೆ ಕೂತ್ರೆ ಕುರ್ಚಿ ಹಿಂದೆ ನಿಂತಿರ್ತಾನೆ ಗಿರಿಜಾ. ಲಿಫ್ಟಲ್ಲಿ ಕುತ್ತಿಗೆಗೆ ಉಸಿರು ತಾಗುತ್ತೆ. ಏನೂ ಮಾಡಲ್ಲ, ಸುಮ್ನೆ ನಿಂತಿರ್ತಾನೆ. ನೀವು ಅಕ್ಕ, ನಿಮ್ಮ ಮಾತು ಕೇಳ್ತಾನೆ. ಸಾಕು ಬಾ ಅಂತ ಒಂದ್ಸಲ ಕರೀರಿ. ನಿಮ್ಮ ಕಾಲಿಗೆ ಬೀಳ್ತೀನಿ."

ನಿಜ. ಮಲ್ಲು ಜಗತ್ತಿನಲ್ಲಿ ಯಾರ ಮಾತನ್ನೂ ಕೇಳದಿದ್ದರೂ ನನ್ನ ಮಾತು ಕೇಳುತ್ತಿದ್ದ. ಕರೆದರೆ ಬಂದುಬಿಡುತ್ತಾನೆ, ಅವನಿಗೂ ಬಿಡುಗಡೆಯಾಗುತ್ತದೆ. ನನಗೆ ಗೊತ್ತು.

ನಿನ್ನೆಯೂ ಫೋನ್ ಬಂದಿತ್ತು. ಅವನು ಅಳುವುದನ್ನು ಪೂರ್ತಿ ಕೇಳಿಸಿಕೊಂಡೆ.

ನಾನು ಇನ್ನೂ ಕರೆದಿಲ್ಲ.