ಟೂ ಹ್ಯಾಪಿ

ಬೆಳಿಗ್ಗೆ ಪಕ್ಕದ ಮನೆಯ ಹುಡುಗಿ ಶಾಲೆಯ ಬಸ್ಸಿಗೆ ಕಾಯುತ್ತ "ಹ್ಯಾಪಿ ಟು ಕಮ್, ರೆಡಿ ಟು ಗೋ" ಎಂದು ಬಾಯಿಪಾಠ ಮಾಡುತ್ತಿದ್ದಳು. ಕೇಳುತ್ತ ನಿಂತವಳಿಗೆ ಸಂಖ ಊರಿನ ನಮ್ಮ ಶಾಲೆ ನೆನಪಾಯಿತು.

ಐದನೆಯ ಮತ್ತು ಏಳನೆಯ ಇಯತ್ತೆಗೆ ಒಂದೇ ಕೋಣೆ. ನಾನು ಈ ಕಡೆ, ಅಕ್ಕ ಆ ಕಡೆ. ಒಂದು ದಿನ ಗುರೂಜಿ ಏಳನೆಯವರಿಂದ ಇಂಥವೇ ವಾಕ್ಯ ಹೇಳಿಸುತ್ತಿದ್ದರು. ಅಕ್ಕ ಎದ್ದು ನಿಂತು, "ಐ ಆ್ಯಮ್ ಟೂ ಹ್ಯಾಪಿ ಟು ಕಮ್ ಟು ಸ್ಕೂಲ್" ಎಂದಳು.

ಗುರೂಜಿ ನಕ್ಕರು. "ಟೂ ಅಂದ್ರ ಬರೇ ಭಾಳ ಅಲ್ಲವ್ವಾ. ಭಾಳ ಖುಷಿ ಆಗೇತಿ, ಅದಕ್ಕ ಸಾಲಿಗಿ ಬರಾಕ ಆಗೂದಿಲ್ಲ ಅಂದಂಗಾತು."

"ಹಂಗಾರ ಖರೇನ ಐತ್ರಿ ಗುರೂಜಿ. ನಾಳಿಂದ ನಾ ಬರೂದಿಲ್ರಿ. ನಂದು ಲಗ್ನ ಐತಿ."

"ಲಗ್ನದ ಖುಷಿ ನೋಡ ಇಕಿಗಿ" ಎಂದು ಹಿಂದಿನ ಹುಡುಗಿಯರು ಕಿಸಕ್ಕನೆ ನಕ್ಕರು. ನಾನೂ ನಕ್ಕೆ. ಗುರೂಜಿ ಮಾತ್ರ "ಕುಂದರವ್ವಾ" ಎಂದಷ್ಟೇ ಹೇಳಿದರು. ಅವಳ ವಾಕ್ಯ ತಿದ್ದಲಿಲ್ಲ.

ಅಕ್ಕ ಅಸಂಗಿ ಊರಿಗೆ ಸೊಸೆಯಾಗಿ ಹೋದಳು. ಕುರಿ, ಹೊಲ, ಮಕ್ಕಳಲ್ಲಿ ಮುಳುಗಿದಳು. ನಾನು ಸಾಹಿತ್ಯ ಓದಿ ಪದವಿ ಪಡೆದೆ. ನಿನಗೆ ಇನ್ನೂ ಓದುವ ಮನಸ್ಸಿದೆಯೇ ಎಂದು ಮನೆಯಲ್ಲಿ ಅವಳನ್ನು ಯಾರೂ ಕೇಳಿರಲಿಲ್ಲ. ಇಷ್ಟು ವರ್ಷವಾದರೂ ನಾನೂ ಕೇಳಿಲ್ಲ.

ಈ ರವಿವಾರ ಅಸಂಗಿಗೆ ಹೋಗಿ, ಅವಳ ಪಕ್ಕದಲ್ಲಿ ಕೂತು ಕೇಳುತ್ತೇನೆ.